ತುರ್ತು ನಿಧಿ ಮತ್ತು ಸಾಲ ಮರುಪಾವತಿ

ತುರ್ತು ನಿಧಿ ಎಂದರೆ ಉದ್ಯೋಗನಷ್ಟ, ಅನಾರೋಗ್ಯ, ಅಪಘಾತ ಮೊದಲಾದ ಅನಿರೀಕ್ಷಿತ ಸಂದರ್ಭಗಳಿಗೆಂದು ಕುಟುಂಬವೊಂದು ಪ್ರತ್ಯೇಕವಾಗಿ ತೆಗೆದಿರಿಸುವ, ಬೇಕೆಂದ ಕೂಡಲೇ ಕೈಗೆ ಸಿಗುವ ಹಣ. ಮೂರರಿಂದ ಆರು ತಿಂಗಳ ಅಗತ್ಯ ವೆಚ್ಚಕ್ಕೆ ಸಾಲುವ ಮೊತ್ತವನ್ನು ಸಾಮಾನ್ಯವಾಗಿ ಸೂಚಿಸಲಾಗುತ್ತದೆ. ಸಾಲವಿರುವ ಕುಟುಂಬಕ್ಕೆ, ತಿಂಗಳ ಕೊನೆಯಲ್ಲಿ ಉಳಿದ ಹಣವನ್ನು ಸಾಲಕ್ಕೆ ಕಟ್ಟಬೇಕೇ ಅಥವಾ ನಿಧಿಗೆ ಸೇರಿಸಬೇಕೇ ಎಂಬ ಪ್ರಶ್ನೆ ಎದುರಾಗುತ್ತದೆ.

ಬಡ್ಡಿಯ ಲೆಕ್ಕ

ಬಡ್ಡಿಯನ್ನಷ್ಟೇ ನೋಡಿದರೆ ಉತ್ತರ ಸುಲಭ. ಭಾರತದಲ್ಲಿ ಕ್ರೆಡಿಟ್ ಕಾರ್ಡಿನ ಬಾಕಿಗೆ ತಿಂಗಳಿಗೆ ಶೇ. 3.5ರಷ್ಟು ಬಡ್ಡಿ ಬೀಳುವುದುಂಟು. ಈ ದರದಲ್ಲಿ 20,000 ರೂಪಾಯಿ ಬಾಕಿಗೆ ತಿಂಗಳಿಗೆ 700 ರೂಪಾಯಿ ಬಡ್ಡಿಯಾಗುತ್ತದೆ. ಅಷ್ಟೇ ಹಣ ವಾರ್ಷಿಕ ಶೇ. 3ರ ಉಳಿತಾಯ ಖಾತೆಯಲ್ಲಿದ್ದರೆ ಬರುವುದು 50 ರೂಪಾಯಿ. ಅಂದರೆ ಸಾಲ ತೀರಿಸದೆ ನಿಧಿ ಇಟ್ಟುಕೊಳ್ಳುವುದಕ್ಕೆ ತಿಂಗಳಿಗೆ 650 ರೂಪಾಯಿ ವೆಚ್ಚ ತಗಲುತ್ತದೆ.

ಆದರೆ ಈ ಲೆಕ್ಕದಲ್ಲಿ ಒಂದು ಅಂಶ ಬಿಟ್ಟುಹೋಗುತ್ತದೆ. ಅವಧಿ ಸಾಲಕ್ಕೆ ಹೆಚ್ಚುವರಿಯಾಗಿ ಕಟ್ಟಿದ ಹಣ ಸಾಮಾನ್ಯವಾಗಿ ಹಿಂದಿರುಗಿ ಬಾರದು. ಕೈಯಲ್ಲಿದ್ದುದೆಲ್ಲವನ್ನೂ ಸಾಲಕ್ಕೆ ಕಟ್ಟಿದ ಮರುವಾರವೇ ಆಸ್ಪತ್ರೆಯ ಖರ್ಚು ಬಂದರೆ ಕೈಸಾಲ, ಚಿನ್ನದ ಅಡವು ಅಥವಾ ಹೊಸ ಕಾರ್ಡ್ ಸಾಲವೇ ಗತಿ. ಕಾರ್ಡಿನ ಉಳಿದ ಮಿತಿಯನ್ನೇ ತುರ್ತು ನಿಧಿಯೆಂದು ಭಾವಿಸುವುದೂ ಅಪಾಯಕರ. ಬ್ಯಾಂಕು ಆ ಮಿತಿಯನ್ನು ಇಳಿಸಬಹುದು. ಕಾರ್ಡಿನಿಂದ ನಗದು ತೆಗೆದರೆ ಶುಲ್ಕದ ಜೊತೆಗೆ ಮೊದಲ ದಿನದಿಂದಲೇ ಬಡ್ಡಿ ಆರಂಭವಾಗುತ್ತದೆ.

ಸಾಲದ ಸರಪಳಿ

ಕರ್ನಾಟಕದ ಗ್ರಾಮಾಂತರ ಪ್ರದೇಶಗಳಲ್ಲಿ ಈ ಸಮಸ್ಯೆಯ ತೀವ್ರ ರೂಪ ಕಂಡುಬಂದಿದೆ. ಕಿರುಸಾಲದ ವಾರದ ಕಂತು ತಪ್ಪಿದಾಗ ಅದನ್ನು ತುಂಬಲು ಇನ್ನೊಂದು ಸಂಸ್ಥೆಯಿಂದ ಸಾಲ ಪಡೆಯಲಾಗುತ್ತದೆ; ಆಗ ಕಂತುಗಳು ಎರಡಾಗುತ್ತವೆ. ಬಲವಂತದ ವಸೂಲಿಯನ್ನು ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿತು. ಇಂತಹ ಮನೆಗಳಲ್ಲಿ ನಾಲ್ಕು ಕಂತುಗಳಷ್ಟು ನಗದು ಇದ್ದರೂ ಎರಡನೆಯ ಸಾಲ ತಪ್ಪಬಹುದು. ಸ್ತ್ರೀಶಕ್ತಿ ಮೊದಲಾದ ಸ್ವಸಹಾಯ ಗುಂಪುಗಳ ವಾರದ ಉಳಿತಾಯ ಮತ್ತು ಆಂತರಿಕ ಸಾಲದ ಪದ್ಧತಿ ಕೆಲಮಟ್ಟಿಗೆ ಸಾಮೂಹಿಕ ತುರ್ತು ನಿಧಿಯಂತೆಯೇ ಕೆಲಸ ಮಾಡುತ್ತದೆ.

ಕೋವಿಡ್ ಕಾಲದಲ್ಲಿ ಭಾರತೀಯ ರಿಸರ್ವ್ ಬ್ಯಾಂಕು 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತುಗಳ ಮುಂದೂಡಿಕೆಗೆ ಅವಕಾಶ ನೀಡಿತ್ತು. ಆದರೆ ಆ ಅವಧಿಯಲ್ಲಿಯೂ ಬಾಕಿಯ ಮೇಲೆ ಬಡ್ಡಿ ಬೆಳೆಯುತ್ತಲೇ ಇತ್ತು.

ಅನುಸರಿಸುವ ಕ್ರಮ

ಅಮೆರಿಕದ ಡೇವ್ ರಾಮ್ಸೆ ಪ್ರಚುರಪಡಿಸಿದ ಕ್ರಮದಲ್ಲಿ ಮೊದಲು 1,000 ಡಾಲರ್ ಕೂಡಿಡಬೇಕು. ನಂತರ ಗೃಹಸಾಲವನ್ನುಳಿದು ಎಲ್ಲ ಸಾಲಗಳನ್ನು ತೀರಿಸಬೇಕು. ಪೂರ್ಣ ನಿಧಿ ಕಟ್ಟುವುದು ಆಮೇಲೆ. ಮೊತ್ತವನ್ನು ಬದಲಿಸಿಕೊಂಡರೆ ಈ ಕ್ರಮ ಭಾರತಕ್ಕೂ ಒಗ್ಗುತ್ತದೆ. ಒಂದು ತಿಂಗಳ ಅಗತ್ಯ ವೆಚ್ಚ ಮತ್ತು ಕಂತುಗಳಷ್ಟು ಹಣ ಆರಂಭಕ್ಕೆ ಸಾಕು. ಅಲ್ಲಿಯವರೆಗೂ ಎಲ್ಲ ಸಾಲಗಳ ಕಂತುಗಳನ್ನು ತಪ್ಪದೆ ಕಟ್ಟುತ್ತಿರಬೇಕು. ಆದಾಯ ಅನಿಶ್ಚಿತವಾಗಿರುವ ಕೃಷಿಕರು ಹಾಗೂ ದಿನಗೂಲಿಯವರಿಗೆ ಮಾತ್ರ ಇದು ಕಡಿಮೆಯಾದೀತು. ಗೃಹಸಾಲದ ಬಡ್ಡಿ ಕಾರ್ಡಿನದಕ್ಕಿಂತ ಬಹಳ ಕಡಿಮೆಯಿರುವುದರಿಂದ ಅದನ್ನು ಬೇಗ ತೀರಿಸುವ ಆತುರಕ್ಕಿಂತ ಪೂರ್ಣ ನಿಧಿಗೆ ಆದ್ಯತೆ ನೀಡುವುದು ಸೂಕ್ತ.

ಹಣ ಇಡುವ ಸ್ಥಳ

ಉಳಿತಾಯ ಖಾತೆ ಅಥವಾ ಅವಧಿಗೆ ಮುನ್ನ ಮುರಿಯಬಹುದಾದ ನಿಶ್ಚಿತ ಠೇವಣಿ ಇದಕ್ಕೆ ಯೋಗ್ಯ. ವಿಮೆಯಿರುವ ಬ್ಯಾಂಕುಗಳಲ್ಲಿ 2020ರ ಫೆಬ್ರವರಿಯಿಂದ ಪ್ರತಿ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿವರೆಗೆ ಠೇವಣಿ ವಿಮೆಯ ರಕ್ಷಣೆಯಿದೆ. ಕೆಲವು ಬ್ಯಾಂಕುಗಳ ಓವರ್‌ಡ್ರಾಫ್ಟ್ ಮಾದರಿಯ ಗೃಹಸಾಲದಲ್ಲಿ, ಹೆಚ್ಚುವರಿ ಹಣವನ್ನು ಸಾಲದ ಖಾತೆಯಲ್ಲೇ ಇಟ್ಟು ಬಡ್ಡಿ ತಗ್ಗಿಸಿಕೊಂಡು, ಬೇಕಾದಾಗ ಹಿಂಪಡೆಯಲೂ ಅವಕಾಶವಿರುತ್ತದೆ.