ಕಾಲ ಕೆಳಗಿನ ಕಲ್ಲು

ಮಲಗಿದ ಬುದ್ಧನಂತೆ ತೋರುವ ಶಹಾಪುರದ ಬೆಟ್ಟ, ಕೋಟೆ ಹೊತ್ತ ಯಾದಗಿರಿಯ ಗುಡ್ಡ, ಸುರಪುರವನ್ನು ಸುತ್ತುವರಿದ ಬಂಡೆಗಳು ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಮೆಲ್ಲಗೆ ಆರಿ ಗಟ್ಟಿಗೊಂಡ ಗ್ರಾನೈಟ್ ಶಿಲೆಗಳು. ಮೇಲಿನ ಹೊದಿಕೆ ಸವೆದು ಅವು ಬಯಲಿಗೆ ಬಂದಿವೆ. ಭೀಮಾತೀರದತ್ತ ಹಲವೆಡೆ ಇವುಗಳ ಮೇಲೆ ಸುಣ್ಣಕಲ್ಲಿನ ಪದರವಿದೆ. ನಾವು ಮನೆಗೆ ಹಾಸುವ ಶಹಾಬಾದಿ ಕಲ್ಲು ಅದೇ. ಕಲಬುರಗಿಯತ್ತ ಸಾಗಿದರೆ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾದ ಕರಿಕಲ್ಲು.

ಇದಿಷ್ಟೂ ಸಿಪ್ಪೆಯ ಮಾತಾಯಿತು. ಆ ಸಿಪ್ಪೆ ಇಲ್ಲಿ ಸುಮಾರು 35 ಕಿ.ಮೀ. ದಪ್ಪ, ಭೂಕೇಂದ್ರವೋ 6,371 ಕಿ.ಮೀ. ಆಳ. ರಷ್ಯದ ಕೋಲಾದಲ್ಲಿ ಕೊರೆದ ಬಾವಿಯೂ 12 ಕಿ.ಮೀ.ಗೆ ನಿಂತಿತು. ಆಚೆಯ ಸುದ್ದಿ ತರುವುವು ಭೂಕಂಪದ ಅಲೆಗಳೇ. ಅಡ್ಡಡ್ಡ ಅಲುಗುವ ಅಲೆ ದ್ರವವನ್ನು ದಾಟಲಾರದು. 2,900 ಕಿ.ಮೀ.ವರೆಗೆ ಅದು ಸಾಗುವುದರಿಂದ ಅಲ್ಲಿರುವುದು ಬೆಂಕಿಯ ಕಡಲಲ್ಲ, ಬಿಸಿಯಾದ ಘನಶಿಲೆ. ಅದರ ಕೆಳಗೆ ಕರಗಿದ ಕಬ್ಬಿಣ. ಅದರೊಳಗೂ ಗಟ್ಟಿ ತಿರುಳೊಂದಿದೆಯೆಂದು 1936ರಲ್ಲಿ ತೋರಿಸಿದವರು ಡೆನ್ಮಾರ್ಕಿನ ಇಂಗೆ ಲೇಮನ್.

ಹಳೆಯ ಗಟ್ಟಿ ನೆಲ ನಡುಗದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ನಾನದನ್ನು ಒಪ್ಪಲಾರೆ. 1993ರ ಸೆಪ್ಟೆಂಬರ್ 30ರಂದು ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ನಡುಗಿದ್ದು ಇಂಥದೇ ನೆಲ. ಲಾವಾದ ಹಾಸಿನಡಿ ಅಲ್ಲಿಯೂ ಪುರಾತನ ಶಿಲೆಯೇ. ಸಾವಿರಾರು ಜನರನ್ನು ಕೊಂದುವು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳು. ನಮ್ಮ ಹಳ್ಳಿಗಳಲ್ಲೂ ಅಂಥ ಗೋಡೆಗಳುಂಟು. ಗೋಡೆಯ ಎರಡು ಮೈಗಳನ್ನು ಬೆಸೆಯುವ ಉದ್ದಗಲ್ಲುಗಳನ್ನು ಅಲ್ಲಲ್ಲಿ ಇಟ್ಟು, ಸುತ್ತಲೂ ಕಾಂಕ್ರೀಟಿನ ಪಟ್ಟಿ ಕಟ್ಟಿದರೆ ಅವು ಅಷ್ಟು ಸುಲಭವಾಗಿ ಸೀಳುವುದಿಲ್ಲ.