ಬನ್ನಿ ಎಲೆ ಬಿಸಿಲನ್ನು ಗೆಲ್ಲುವ ಬಗೆ

2016ರ ಮೇ 19ರಂದು ರಾಜಸ್ಥಾನದ ಫಲೋದಿಯಲ್ಲಿ ಉಷ್ಣಾಂಶ 51 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಇಂಥ ಬೇಸಿಗೆಯಲ್ಲೂ ಥಾರ್ ಮರುಭೂಮಿಯ ಖೇಜ್ಡಿ ಮರ ಹಸಿರಾಗಿರುತ್ತದೆ. ಈ ಖೇಜ್ಡಿ, ನಾವು ವಿಜಯದಶಮಿಗೆ ಪೂಜಿಸುವ ಬನ್ನಿಯೇ.

ಎಲೆಯದು ಇಕ್ಕಟ್ಟಿನ ಬದುಕು. ಇಂಗಾಲದ ಡೈಆಕ್ಸೈಡ್ ಒಳಗೆ ಬರಬೇಕಾದರೆ ಪತ್ರರಂಧ್ರ ತೆರೆಯಲೇಬೇಕು. ತೆರೆದರೆ ನೀರು ಆವಿಯಾಗಿ ಹೋಗುತ್ತದೆ. ಸಾಮಾನ್ಯ ಗಿಡಗಳಲ್ಲಿ ಡೈಆಕ್ಸೈಡಿನ ಒಂದು ಅಣು ದಕ್ಕುವಷ್ಟರಲ್ಲಿ ನೀರಿನ ನೂರಾರು ಅಣುಗಳು ಖರ್ಚಾಗಿರುತ್ತವೆ. ಮುಚ್ಚಿಕೊಂಡರೆ ಊಟವಿಲ್ಲ, ಆವಿ ಕೊಡುತ್ತಿದ್ದ ತಂಪೂ ಇಲ್ಲ.

ಬನ್ನಿಯ ಕಿರುಎಲೆ ಸುಮಾರು ಒಂದು ಸೆಂಟಿಮೀಟರ್ ಉದ್ದ, ಅಗಲ ಕೆಲವೇ ಮಿಲಿಮೀಟರ್. ಎಲೆ ಚಿಕ್ಕದಾದಷ್ಟೂ ಆವಿಯಾಗುವ ಜಾಗ ಕಡಿಮೆ ಎಂದು ಶಾಲೆಯಲ್ಲಿ ಕಲಿಯುತ್ತೇವೆ. ಅದು ಅರ್ಧ ಉತ್ತರ. ಯಾವುದೇ ಎಲೆಯ ಮೈಗೆ ಅಲುಗದ ಗಾಳಿಯ ತೆಳು ಪದರವೊಂದು ಅಂಟಿಕೊಂಡಿರುತ್ತದೆ. ಅಗಲ ಎಲೆಯ ಮೇಲೆ ಅದು ದಪ್ಪವಾಗಿ ಬೆಳೆದು ಬಿಸಿಯನ್ನು ಹಿಡಿದಿಡುತ್ತದೆ. ಅಂಥ ಎಲೆ ತಣಿಯಲು ನೀರನ್ನೇ ಸುರಿಯಬೇಕು. ಕಿರುಎಲೆಯ ಪದರ ತೀರಾ ತೆಳು. ಸಣ್ಣ ಗಾಳಿ ಬೀಸಿದರೂ ಬಿಸಿ ಕಳಚಿಹೋಗುತ್ತದೆ, ನೀರು ಉಳಿಯುತ್ತದೆ.

ಹಾಗಾದರೆ ಅದೇ ಥಾರಿನಲ್ಲಿ ಬೆಳೆಯುವ ಎಕ್ಕಕ್ಕೆ ಅಂಗೈಯಗಲದ ಎಲೆ ಯಾಕೆ? ಎಳೆ ಎಲೆಯನ್ನು ಬೆರಳಿನಿಂದ ಉಜ್ಜಿ ನೋಡಿ, ಬೂದಿಯಂಥ ಬಿಳುಪು ಕೈಗೆ ಹತ್ತುತ್ತದೆ. ಮೇಣ ಮತ್ತು ನವಿರು ರೋಮಗಳ ಆ ಹೊದಿಕೆ ಬಿಸಿಲಿನ ಒಂದು ಪಾಲನ್ನು ವಾಪಸು ಕಳಿಸುತ್ತದೆ. ಬೆಳಕು ಕಡಿಮೆಯಾದರೆ ದ್ಯುತಿಸಂಶ್ಲೇಷಣೆಗೂ ನಷ್ಟವೇ, ನಿಜ. ಆದರೆ ಮರುಭೂಮಿಯ ನಡುಮಧ್ಯಾಹ್ನ ಎಲೆಗೆ ಬೆಳಕಿನ ಬರವೇನೂ ಇರುವುದಿಲ್ಲ. ಜೊತೆಗೆ ಎಕ್ಕದ ಬೇರು ಬಲು ಆಳ. ಕೈರ್ ಎಂಬ ಪೊದೆಯಂತೂ ಎಲೆಯ ಗೊಡವೆಯನ್ನೇ ಬಿಟ್ಟಿದೆ. ಹಸಿರು ಕಡ್ಡಿಗಳಲ್ಲೇ ಅದರ ಅಡುಗೆ.

ಅಮೆರಿಕ ಖಂಡದಿಂದ ಬಂದ ಪಾಪಾಸುಕಳ್ಳಿಯಲ್ಲಿ ಎಲೆಗಳು ಮುಳ್ಳಾಗಿವೆ, ಹಸಿರು ಹಲಗೆಗಳೆಲ್ಲ ಕಾಂಡ. ಅದರ ರಂಧ್ರಗಳು ತೆರೆಯುವುದು ತಂಪಾದ ರಾತ್ರಿಯಲ್ಲಿ. ಆಗ ಒಳಬಂದ ಡೈಆಕ್ಸೈಡ್ ಮ್ಯಾಲಿಕ್ ಆಮ್ಲವಾಗಿ ದಾಸ್ತಾನಾಗುತ್ತದೆ. ಹಗಲು ಬಾಗಿಲು ಹಾಕಿಕೊಂಡು ಅದನ್ನೇ ಬಳಸಿ ಸಕ್ಕರೆ ತಯಾರಿ. ಮರುಭೂಮಿಯದಲ್ಲದ ಕಾಡುಬಸಳೆಗೂ ಈ ಅಭ್ಯಾಸವಿದೆ. 1800ರ ಸುಮಾರಿಗೆ ಬೆಂಗಳೂರಿನ ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದ ಬೆಂಜಮಿನ್ ಹೇನ್, ಅದರ ಎಲೆ ಬೆಳಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ ಎಂದು ಅಗಿದು ನೋಡಿಯೇ ಬರೆದಿಟ್ಟರು. ಅದು 1815ರಲ್ಲಿ ಅಚ್ಚಾಯಿತು.

ರಾತ್ರಿ ಕೂಡಿಟ್ಟ ಆಮ್ಲ ತೀರಿದರೆ ಕಳ್ಳಿಯ ಅಂದಿನ ಅಡುಗೆಯೂ ಮುಗಿಯಿತು. ಮಳೆ ಬಿದ್ದು ಬೇರಿಗೆ ನೀರು ದಂಡಿಯಾಗಿ ಸಿಕ್ಕ ದಿನಗಳಲ್ಲಿ ಮಾತ್ರ ಇಳಿಹೊತ್ತಿಗೂ ರಂಧ್ರ ತೆರೆಯುವುದುಂಟು.