ಅಮ್ಮನ ಐಸ್‌ಕ್ರೀಮ್ ಡಬ್ಬಿ ಮತ್ತು ಸೋರುವ ರೇಡಿಯೇಟರ್

ರೇಡಿಯೇಟರ್ ಅಂದ ಕೂಡಲೇ ನಮ್ಮೂರಲ್ಲಿ ನೆನಪಾಗೋದು ಕಾರು, ಲಾರಿ. ಇಂಗ್ಲೆಂಡಿನಲ್ಲಿ ಅದು ಮನೆಯ ಕೋಣೆಗಳ ಗೋಡೆಗೆ ಕೂರಿಸಿರುವ ಬಿಳಿ ಬಣ್ಣದ ಉಕ್ಕಿನ ಫಲಕ. ಬಾಯ್ಲರ್ ಗ್ಯಾಸಿನಿಂದ ನೀರು ಕಾಯಿಸುತ್ತದೆ, ಪಂಪು ಆ ಬಿಸಿನೀರನ್ನು ಪೈಪಿನ ಮೂಲಕ ಎಲ್ಲ ಕೋಣೆಗಳಿಗೂ ಕಳಿಸುತ್ತದೆ. ಅದೇ ನೀರು ಮತ್ತೆ ಮತ್ತೆ ಸುತ್ತುತ್ತಿರಬೇಕು, ಹೊರಗೆ ಹೋಗಬಾರದು.

ಲೀಡ್ಸ್‌ನ ನಮ್ಮ ಬಾಡಿಗೆ ಮನೆಯಲ್ಲಿ ಕಳೆದ ಚಳಿಗಾಲ ಆ ನೀರು ಎಲ್ಲಿಗೋ ಹೋಗುತ್ತಿತ್ತು.

ನನಗೆ ಮೊದಲು ಗೊತ್ತಾಗಿದ್ದು ಬಾಯ್ಲರಿನ ಪ್ರೆಷರ್ ಮುಳ್ಳು ಇಳಿದಾಗ. ನೀರು ತಣ್ಣಗಿದ್ದಾಗ ಅದು ಸಾಮಾನ್ಯವಾಗಿ 1ರಿಂದ 1.5 ಬಾರ್ ಇರಬೇಕು. ನಮ್ಮದು 0.6ಕ್ಕೆ ಬಂದಿತ್ತು. ಯೂಟ್ಯೂಬ್ ನೋಡಿದೆ, ಬಾಯ್ಲರಿನ ಕೆಳಗಿದ್ದ ಸಣ್ಣ ನಲ್ಲಿ ತಿರುಗಿಸಿ ಹೊಸ ನೀರು ತುಂಬಿಸಿದೆ, ಮುಳ್ಳು ಮೇಲೇರಿತು. ವಾರ ಕಳೆದರೆ ಮತ್ತೆ ಇಳಿಯೋದು, ಮತ್ತೆ ತುಂಬಿಸೋದು. ಆಫೀಸಿನಲ್ಲಿ ಸರ್ವರ್ ಯಾಕೆ ಕೈಕೊಡ್ತಿದೆ ಅಂತ ಹುಡುಕದೆ ಪ್ರತಿದಿನ ರೀಸ್ಟಾರ್ಟ್ ಮಾಡಿದರೆ ನಾನೇ ಬೈತೀನಿ. ಮನೆಯಲ್ಲಿ ಮಾಡಿದ್ದು ಅದನ್ನೇ. ಮಾಲೀಕರಿಗೆ ಹೇಳಿದರೆ ನಮ್ಮ ತಲೆಗೇ ಕಟ್ಟಿ ಡೆಪಾಸಿಟ್ ಹಿಡಿದುಕೊಂಡಾರು ಅನ್ನೋ ಭಯ ಬೇರೆ.

ಹಾಸನದಿಂದ ಅಮ್ಮ ಬಂದು ಎರಡು ತಿಂಗಳಾಗಿತ್ತು. ಒಂದು ಭಾನುವಾರ ಅವರ ಕೋಣೆ ಗುಡಿಸೋಕೆ ಹೋದರೆ ರೇಡಿಯೇಟರ್ ಕೆಳಗೆ ಖಾಲಿ ಐಸ್‌ಕ್ರೀಮ್ ಡಬ್ಬಿ. ಅದರಲ್ಲಿ ಅರ್ಧದಷ್ಟು ಮಸಿಯಂಥ ಕಪ್ಪು ನೀರು. ಫಲಕದ ಕೆಳ ಅಂಚಿನಲ್ಲಿ ಬಣ್ಣ ಉಬ್ಬಿ, ತುಕ್ಕು ಹಿಡಿದು, ಹನಿ ಹನಿಯಾಗಿ ಸೋರುತ್ತಿತ್ತು. ಕಾರ್ಪೆಟ್ ಮೇಲೆ ಕಂದು ಕಲೆ.

“ಏನಮ್ಮಾ ಇದು?”

“ಹದಿನೈದು ದಿನ ಆಯ್ತು ಕಣೋ. ರಾತ್ರಿ ಬೆಳಿಗ್ಗೆ ಚೆಲ್ತಿದ್ದೆ. ನನ್ನ ಸೀರೆ ಅದರ ಮೇಲೇ ಒಣಗಿ ಹಾಕ್ತಿದ್ನಲ್ಲ, ಅದಕ್ಕೇ ಹಾಳಾಯ್ತೇನೋ ಅಂತ ಹೆದರಿಕೆ ಆಯ್ತು. ನಿಂಗೆ ಮೊದ್ಲೇ ಆಫೀಸು ತಲೆನೋವು.”

ನಾನು ಕೆಳಗೆ ಗುಟ್ಟಾಗಿ ನೀರು ತುಂಬಿಸೋದು, ಅಮ್ಮ ಮೇಲೆ ಗುಟ್ಟಾಗಿ ಚೆಲ್ಲೋದು! ಬಿಸಿ ಮಾಡಿದಾಗ ಜಾಸ್ತಿ ಸೋರುತ್ತೆ ಅಂತ ಅವರು ಆ ರೇಡಿಯೇಟರನ್ನು ಕಡಿಮೆ ಮಾಡಿ, ಎರಡು ಸ್ವೆಟರ್ ಹಾಕಿಕೊಂಡು ಮಲಗುತ್ತಿದ್ದರಂತೆ. ಮಂಡಿ ನೋವು ಅಂತ ಅವರು ಹೇಳಿದಾಗಲೆಲ್ಲ ನಾನು ವಯಸ್ಸಿನ ಮೇಲೆ ಹಾಕಿದ್ದೆ.

ಮೊದಲು ಹೀಟಿಂಗ್ ಆಫ್ ಮಾಡಿ ತಣ್ಣಗಾಗೋಕೆ ಬಿಟ್ಟೆ. ರೇಡಿಯೇಟರಿಗೆ ಎರಡು ತುದಿಯಲ್ಲಿ ಎರಡು ವಾಲ್ವ್. ಒಂದಕ್ಕೆ ಅಂಕಿಗಳಿರುವ ತಿರುಪು, ಅದನ್ನು ಸೊನ್ನೆಗೆ ತಂದೆ. ಇನ್ನೊಂದರ ಪ್ಲಾಸ್ಟಿಕ್ ಮುಚ್ಚಳ ತೆಗೆದು, ಸ್ಪ್ಯಾನರಿನಿಂದ ಗಡಿಯಾರದ ಮುಳ್ಳು ಹೋಗುವ ದಿಕ್ಕಿನಲ್ಲಿ ತಿರುಗಿಸಿ ಮುಚ್ಚಿದೆ. ಎಷ್ಟು ಸುತ್ತು ತಿರುಗಿಸಿದೆ ಅಂತ ಬರೆದಿಟ್ಟುಕೊಂಡೆ, ಆಮೇಲೆ ಅಷ್ಟೇ ತೆರೆಯಬೇಕಲ್ಲ. ಎರಡೂ ಮುಚ್ಚಿದರೆ ಆ ಒಂದು ರೇಡಿಯೇಟರ್ ಮಾತ್ರ ಬೇರೆಯಾಗುತ್ತದೆ, ಉಳಿದ ಕೋಣೆಗಳು ಬೆಚ್ಚಗೇ ಇರುತ್ತವೆ. ಒಳಗೆ ಉಳಿದ ನೀರು ಸೋರುತ್ತದೆಂದು ಡಬ್ಬಿಯನ್ನು ಅಲ್ಲೇ ಬಿಟ್ಟೆ. ಎಂ-ಸೀಲ್ ಹಚ್ಚಿಬಿಡೋಣವೇ ಅನ್ನಿಸಿತು. ಆದರೆ ತುಕ್ಕು ತಿಂದ ತಗಡಿಗೆ ತೇಪೆ ಎಷ್ಟು ದಿನ? ಅಮ್ಮನನ್ನು ನನ್ನ ಕೋಣೆಗೆ ಕಳಿಸಿ, ಫೋಟೋ ತೆಗೆದು ಮನೆ ಏಜೆಂಟರಿಗೆ ಇಮೇಲ್ ಹಾಕಿದೆ.

ಮೂರನೇ ದಿನ ಪ್ಲಂಬರ್ ಬಂದ. ಕಪ್ಪು ನೀರು ನೋಡಿದವನೇ, “ಪ್ರೆಷರ್ ಎಷ್ಟು ದಿನದಿಂದ ಇಳೀತಿದೆ?” ಅಂದ. ನಾನು ತಲೆ ತಗ್ಗಿಸಿದೆ. ಸೀರೆ ವಿಷಯ ಕೇಳಿದಾಗ ನಕ್ಕ. ಒದ್ದೆ ಬಟ್ಟೆಯಿಂದ ಹೊರಗಡೆ ತುಕ್ಕು ಹಿಡಿಯಬಹುದು, ಆದರೆ ಇದು ಎಷ್ಟೋ ವರ್ಷಗಳಿಂದ ಒಳಗಿನಿಂದ ತಿಂದುಕೊಂಡು ಬಂದದ್ದು. ಕಪ್ಪು ಬಣ್ಣ ಉಕ್ಕಿನ ತುಕ್ಕಿನದೇ. ಹಳೇ ನೀರಿನಲ್ಲಿ ಆಮ್ಲಜನಕ ಮುಗಿದಿರುತ್ತದೆ, ತುಕ್ಕು ನಿಧಾನವಾಗುತ್ತದೆ. ಪ್ರತಿ ಸಲ ಹೊಸ ನೀರು ತುಂಬಿದಾಗ ಹೊಸ ಆಮ್ಲಜನಕವೂ ಒಳಗೆ ಹೋಗುತ್ತದೆ, ತುಕ್ಕು ತಡೆಯಲು ಹಾಕಿದ ದ್ರಾವಣವೂ ತೆಳುವಾಗುತ್ತದೆ. ಅಂದರೆ ತಪ್ಪು ಅಮ್ಮನ ಸೀರೆಯದ್ದಲ್ಲ. ರೋಗಕ್ಕೆ ಮೇವು ಹಾಕುತ್ತಿದ್ದವನು ನಾನು.

ಹೊಸ ರೇಡಿಯೇಟರ್ ಬಂತು, ಆ ದ್ರಾವಣವನ್ನೂ ಹೊಸದಾಗಿ ಹಾಕಿದರು. ಖರ್ಚು ಮಾಲೀಕರದ್ದೇ. ಇಲ್ಲಿನ 1985ರ ಬಾಡಿಗೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಮನೆ ಬೆಚ್ಚಗಿಡುವ, ನೀರು ಕಾಯಿಸುವ ವ್ಯವಸ್ಥೆಯ ರಿಪೇರಿ ಮಾಲೀಕರ ಹೊಣೆ. ಬಾಡಿಗೆದಾರರು ಹಾಳು ಮಾಡಿದ್ದರೆ ಮಾತು ಬೇರೆ. ಆದರೆ ಹೇಳದೆ ಇದ್ದರೆ ಅವರಿಗೆ ಗೊತ್ತಾಗುವುದಾದರೂ ಹೇಗೆ? ಇನ್ನೊಂದು ತಿಂಗಳು ಬಿಟ್ಟಿದ್ದರೆ ನೀರು ಕೆಳಗಿನ ಅಡುಗೆಮನೆಯ ಸೀಲಿಂಗಿಗೆ ಇಳಿಯುತ್ತಿತ್ತು. ಇಂಗ್ಲೆಂಡಿಗೆ ಹೊಸದಾಗಿ ಬಂದ ನಮ್ಮವರಿಗೆ ನಾನು ಹೇಳೋದು ಇಷ್ಟೇ: ಬಾಯ್ಲರ್ ಪ್ರೆಷರ್ ಒಮ್ಮೆ ಇಳಿದರೆ ತುಂಬಿಸಿ ನೋಡಿ. ಮತ್ತೆ ಇಳಿದರೆ ಪ್ರತಿ ರೇಡಿಯೇಟರಿನ ಕೆಳ ಅಂಚಿಗೂ, ವಾಲ್ವುಗಳಿಗೂ ಒಣ ಟಿಶ್ಯೂ ಒತ್ತಿ ನೋಡಿ, ಒದ್ದೆಯಾದರೆ ಅವತ್ತೇ ಬರೆದು ತಿಳಿಸಿ.

ಅವತ್ತು ರಾತ್ರಿ ಬೆಚ್ಚಗಾದ ಕೋಣೆಯಲ್ಲಿ ಕೂತು ಅಮ್ಮ ಹೇಳಿದರು: “ನಮ್ಮ ಬಚ್ಚಲಿನ ಹಂಡೆ ತೂತಾದ್ರೆ ಒಲೆಗೆ ನೀರು ಬಿದ್ದು ಚುಂಯ್ ಅನ್ನೋದು, ಮನೆಯವರಿಗೆಲ್ಲ ಗೊತ್ತಾಗೋದು. ಇದು ಸದ್ದೇ ಮಾಡಲ್ವಲ್ಲೋ.”

“ನೀನೂ ಸದ್ದು ಮಾಡ್ಲಿಲ್ವಲ್ಲಮ್ಮಾ” ಅಂದೆ.

“ನೀನು ಮಾಡಿದ್ಯಾ?” ಅಂದರು.